ಮನೆಯಲ್ಲಿ ಕರೆಯುವ ಹೆಸರು

ಬುಧವಾರ ಬೆಳಿಗ್ಗೆ ನಮ್ಮ ಅಂಗಡಿ ಯಜಮಾನರು ಮೈಕ್ ಸೆಟ್ ಕಟ್ಟು ಅಂದರು. ಶನಿವಾರ ಸಂಜೆ ಚಿನ್ನದ ಗಣಿಯ ಉರಿಗಾಂ ಮೈದಾನದಲ್ಲಿ ಕಾರ್ಯಕ್ರಮ. ಹಾಡುವವರು ಮದ್ರಾಸಿನಿಂದ ಆಗಲೇ ಬಂದಿದ್ದಾರೆ, ಅವರು ಸೆಟ್ಟನ್ನು ಮೊದಲೇ ನೋಡಬೇಕಂತೆ, ನೀನು ಅಲ್ಲೇ ಇದ್ದು ಅವರು ಹೇಳಿದ ಹಾಗೆ ಮಾಡು ಅಂದರು. ಯಜಮಾನರು ಯಾವತ್ತೂ ಸಾಮಾನನ್ನು ಅಷ್ಟು ದಿನ ಹೊರಗೆ ಬಿಟ್ಟವರಲ್ಲ. ಯಾರು ಹಾಡುವವರು ಅಂತ ಕೇಳಿದೆ. ಹೆಸರು ಹೇಳಿದರು. ನಾನು ತಂತಿ ಸುತ್ತುವುದನ್ನು ನಿಲ್ಲಿಸಿದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರಿಗೆ ಹಾಡುಗಳು ನೆನಪಾಗುತ್ತವೆ. ಇದು ಹಾಡಿನ ವಿಷಯ ಅಲ್ಲ. ಗಿಟಾರ್ ಹಿಡಿದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹಾಡಿದವರು, ಅವರ ಗ್ರಾಮಫೋನ್ ಪ್ಲೇಟು ಹಾಕದೆ ನಮ್ಮ ಕಡೆ ಮದುವೆ ಆಗುತ್ತಿರಲಿಲ್ಲ ಅಂದರೆ ಸಾಕು. ಬಂಗಾರಪೇಟೆ ಸ್ಟೇಷನ್ ಹತ್ತಿರದ ನಮ್ಮ ಅಂಗಡಿಯಲ್ಲಿ ಅವರ ಪ್ಲೇಟುಗಳು ಸವೆದು ಸವೆದು ಬುಸುಗುಟ್ಟುತ್ತಿದ್ದವು. ಮುದುಕರು ಇದೇನು ಕೋತಿ ಕುಣಿತ ಅಂತ ಬೈಯುತ್ತಿದ್ದರು. ಹುಡುಗರು ಇನ್ನೊಂದು ಸಲ ಹಾಕು ಅನ್ನುತ್ತಿದ್ದರು. ನಾನು ಎರಡು ಕಡೆಯ ಮಾತೂ ಕೇಳುತ್ತಾ ಸೂಜಿ ಬದಲಾಯಿಸುತ್ತಿದ್ದೆ.

ಇದು ಚೀನಾ ಯುದ್ಧಕ್ಕಿಂತ ಸ್ವಲ್ಪ ಮುಂಚೆ. ನನಗೆ ಇಪ್ಪತ್ತು ಆಗಿತ್ತೋ ಇಲ್ಲವೋ. ಓದಿದ್ದು ಮೂರನೇ ಕ್ಲಾಸು. ಮೈಕಿನ ಕೆಲಸ ಒಂದು ಬಿಟ್ಟರೆ ಬೇರೆ ಗೊತ್ತಿಲ್ಲ.

ಆಂಪ್ಲಿಫೈಯರ್, ಎರಡು ಮೈಕು, ದನಿ ಹೊರಬಿಡುವ ನಾಲ್ಕು ಹಾರನ್ನು, ತಂತಿಯ ಉಂಡೆಗಳು, ಕರೆಂಟು ಹೋದರೆ ಇರಲಿ ಅಂತ ಒಂದು ಬ್ಯಾಟರಿ, ಇಷ್ಟನ್ನು ಯಜಮಾನರ ಲಾರಿಗೆ ಹಾಕಿಕೊಂಡು ಹೋದೆ. ಕಾರ್ಮಿಕರ ಸಂಘದ ಕಾರ್ಯದರ್ಶಿ ಮೈದಾನದ ಹತ್ತಿರ ಕಾಯುತ್ತಿದ್ದರು. ಅವರೇ ನನ್ನನ್ನು ಗಣಿ ಕೆಲಸದವರ ಲೈನು ಮನೆಗಳಿಗೆ ಕರೆದುಕೊಂಡು ಹೋದರು. ಗಾಯಕರು ಹೋಟೆಲಿನಲ್ಲಿ ಇಳಿದಿರಲಿಲ್ಲ. ಹುಟ್ಟಿ ಬೆಳೆದ ಲೈನಿನಲ್ಲೇ ಸೋದರತ್ತೆಯ ಮನೆಯಲ್ಲಿ, ಹೊರಗೆ ಹಾಕಿದ ಮಂಚದ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ನಾನು ಕೈ ಮುಗಿದೆ. ಅವರೂ ಮುಗಿದರು. ಮಾತಾಡಲಿಲ್ಲ. ದೊಡ್ಡ ಮನುಷ್ಯರ ಜಂಬ ಅಂದುಕೊಂಡೆ.

ಜಂಬ ಅಲ್ಲ ಅಂತ ಕಾರ್ಯದರ್ಶಿ ವಾಪಸ್ ಬರುವಾಗ ಹೇಳಿದರು. ಗುದ್ದಲಿ ಹಿಡಿದ ಕೈಯಲ್ಲಿ ಕಾಯಿ ಕಟ್ಟುವ ಹಾಗೆ ಅವರ ಗಂಟಲಿನಲ್ಲಿ ಕಾಯಿ ಕಟ್ಟಿದೆಯಂತೆ. ಮದ್ರಾಸಿನ ಡಾಕ್ಟರು ಗಂಟಲೊಳಗೆ ಕನ್ನಡಿ ಇಟ್ಟು ನೋಡಿ, ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಕರಗಬಹುದು, ಕಿರುಚಿದರೆ ಒಡೆದು ರಕ್ತ ಬರುತ್ತದೆ, ಆಮೇಲೆ ದನಿ ಮರೆತುಬಿಡಿ ಅಂದಿದ್ದರಂತೆ. ಮುಂದಿನ ವಾರ ಮದ್ರಾಸಿನಲ್ಲಿ ಒಂದು ದೊಡ್ಡ ಸಿನಿಮಾದ ಹಾಡುಗಳು ಪೂರಾ ಅವರದೇ. ಅದಕ್ಕೇ ವಾರಗಟ್ಟಲೆ ಮಾತು ಬಿಟ್ಟಿದ್ದರು. ಊರಿನ ಕಾರ್ಯಕ್ರಮ ಮಾತ್ರ ಬಿಡಲು ಒಪ್ಪಲಿಲ್ಲ. ಮೆಲ್ಲಗೆ, ಮೈಕಿಗೆ ಬಾಯಿ ಹಚ್ಚಿ ನಾಲ್ಕೇ ಹಾಡು ಹಾಡುತ್ತೇನೆ ಅಂತ ಡಾಕ್ಟರಿಗೆ ಹೇಳಿ ಬಂದಿದ್ದರು.

ಅಂದರೆ ಆ ಮನುಷ್ಯನ ದನಿ ಉಳಿಯುವುದು ಬಿಡುವುದು ನನ್ನ ಸೆಟ್ಟಿನ ಮೇಲೆ ಇತ್ತು. ಸೆಟ್ಟು ಚೆನ್ನಾಗಿದ್ದರೆ ಅವರು ಪಿಸುಗುಟ್ಟಿದರೂ ಮೈದಾನಕ್ಕೆ ಕೇಳುತ್ತದೆ. ಕೆಟ್ಟರೆ ಕಿರುಚಬೇಕಾಗುತ್ತದೆ.

ಅವರ ಹತ್ತಿರ ಒಂದು ಸ್ಲೇಟು ಇತ್ತು. ಏನಾದರೂ ಹೇಳಬೇಕಾದರೆ ಬರೆದು ತೋರಿಸುತ್ತಿದ್ದರು. ನನಗೆ ಕೂಡಿಸಿ ಓದುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು, ತಮಿಳಿನಲ್ಲಿ ಬರೆದರೆ ಅದೂ ಇಲ್ಲ. ಅವರು ನಕ್ಕು ಸ್ಲೇಟು ಪಕ್ಕಕ್ಕಿಟ್ಟರು. ಗಣಿಯಲ್ಲಿ ಜನರನ್ನು ಇಳಿಸುವ ಕಬ್ಬಿಣದ ಕೇಜಿಗೆ ಗಂಟೆ ಹೊಡೆದು ಸನ್ನೆ ಮಾಡುತ್ತಾರೆ. ಅದೇ ಥರ ಸ್ಟೇಜಿನ ಹಲಗೆ ತಟ್ಟಿ ತೋರಿಸಿದರು. ಒಂದು ತಟ್ಟಿದರೆ ನಿಲ್ಲಿಸು, ಎರಡಕ್ಕೆ ಇಳಿಸು, ಮೂರಕ್ಕೆ ಏರಿಸು. ಅದು ನನಗೆ ಸರಿಹೋಯಿತು.

ಮೈಕಿನ ಕೆಲಸ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಹಾರನ್ನಿನಿಂದ ಬಂದ ದನಿ ತಿರುಗಿ ಮೈಕಿಗೆ ಹೋದರೆ ಕೀ ಅಂತ ಕೂಗಿಬಿಡುತ್ತದೆ. ಕೂಗು ನಿಲ್ಲಿಸಲು ದನಿ ಇಳಿಸಬೇಕು. ದನಿ ಇಳಿಸಿದರೆ ಹಾಡುವವನು ಗಂಟಲು ಹರಿದುಕೊಳ್ಳಬೇಕು. ಊರೂರಿನಲ್ಲಿ ಹಾರನ್ನನ್ನು ಸ್ಟೇಜಿಗೇ ಕಟ್ಟಿ ಕಟ್ಟಿ, ಈ ಮನುಷ್ಯನ ಗಂಟಲು ಹೋಗಿದ್ದೂ ಹಾಗೆಯೇ. ನಾನು ಹಾರನ್ನುಗಳನ್ನು ಸ್ಟೇಜಿನಿಂದ ತೆಗೆದು ಜನರ ಮಧ್ಯೆ ನಾಲ್ಕು ಬೊಂಬಿಗೆ ಕಟ್ಟಿ, ಬೆನ್ನು ಸ್ಟೇಜಿನ ಕಡೆ ಮಾಡಿದೆ.

ಕಾರ್ಯದರ್ಶಿಗೆ ಸಿಟ್ಟು ಬಂತು.

"ಸ್ಟೇಜ್ ಮೇಲೆ ಒಂದ್ ಆರನ್ನೂ ಇಲ್ದಿದ್ರೆ ಮದ್ವೆ ಮನೆ ಬಿಟ್ಟೋದಂಗೆ ಕಾಣ್ತದೆ. ಇಲ್ಲಿ ಬರೋರು ಮಿಷಿನ್ ಒಡಿಯೋರು ಕಣ್ಲಾ. ಬಂಡೆಗೆ ಡ್ರಿಲ್ ಒಡ್ದೂ ಒಡ್ದೂ ಕಿವಿ ಓಗಿರ್ತದೆ. ಮುಂದೆ ಕೂಗ್ಬೇಕು."

"ಕೂಗಾದು ಬ್ಯಾಡ ಅಂತಾನೇ ಅಲ್ವಾ ಸಾ ನಾನಿಲ್ಲಿರಾದು" ಅಂದೆ.

ಗಾಯಕರು ಹಲಗೆಯನ್ನು ಒಂದು ಸಲ ತಟ್ಟಿದರು. ಇಬ್ಬರೂ ಬಾಯಿ ಮುಚ್ಚಿದೆವು. ಹಾರನ್ನುಗಳು ನಾನು ಕಟ್ಟಿದಲ್ಲೇ ಉಳಿದವು.

ಗುರುವಾರ ಒಂದು ಹಾರನ್ನಿನ ಯೂನಿಟ್ ಸುಟ್ಟುಹೋಯಿತು. ಅದರೊಳಗಿನ ಸುರುಳಿ ಕಪ್ಪಾಗಿತ್ತು. ಸಂಜೆ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಬೇರೆ ಯೂನಿಟ್ ತಂದೆ. ಕೊಡುವಾಗ ಯಜಮಾನರು, ಸೆಟ್ಟು ಮೈದಾನ ಬಿಟ್ಟು ಕದಲಬಾರದು, ಯಾರು ಕೇಳಿದರೂ ಅಷ್ಟೇ, ಅಂತ ಎರಡು ಸಲ ಹೇಳಿದರು.

ನನ್ನ ಊಟವೂ ಗಾಯಕರ ಅತ್ತೆಯ ಮನೆಯಲ್ಲೇ ಆಗುತ್ತಿತ್ತು. ಗಾಯಕರು ಸುಮ್ಮನೆ ಉಣ್ಣುತ್ತಿದ್ದರು, ಆಯಮ್ಮನೇ ಮಾತಾಡುತ್ತಿದ್ದಳು. ಚಿಕ್ಕವನಿದ್ದಾಗ ಇವನು ಬಿಳಿ ದೊರೆಗಳ ಕ್ಲಬ್ಬಿನ ಬೇಲಿ ಹಿಂದೆ ಕೂತು ಬ್ಯಾಂಡು ಕೇಳುತ್ತಿದ್ದನಂತೆ. ಒಬ್ಬ ಆಂಗ್ಲೋ ಇಂಡಿಯನ್ ಫಿಟ್ಟರು ಕರೆದು ಗಿಟಾರು ಕಲಿಸಿದನಂತೆ. ಅಪ್ಪ ಗಣಿಯೊಳಗೆ ಕೆಲಸಕ್ಕೆ ಹಾಕಿದ. ವರ್ಷ ತುಂಬುವ ಮೊದಲೇ ಬಂಗಾರಪೇಟೆಯಲ್ಲಿ ಮದ್ರಾಸು ರೈಲು ಹತ್ತಿ ಓಡಿಹೋದ. ಅಲ್ಲಿ ಹೋಟೆಲಿನಲ್ಲಿ ನುಡಿಸುತ್ತಿದ್ದಾಗ ಪ್ಲೇಟು ಮಾಡುವವರು ಕೇಳಿ ಕರೆದುಕೊಂಡು ಹೋದರು. ಮೊದಲನೆಯ ಪ್ಲೇಟು ಬಂದಾಗ ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಟೀ ಅಂಗಡಿಗೆ ಹೋಗಿ ಹಾಕಿಸಿದನಂತೆ. ಕಿವಿ ಕೇಳುತ್ತಿರಲಿಲ್ಲ. ಪೆಟ್ಟಿಗೆ ಮೇಲೆ ಕೈ ಇಟ್ಟು ನಿಂತಿದ್ದು, ಚೆನ್ನಾಗೈತೆ ಅಂದು ಮನೆಗೆ ಬಂದನಂತೆ. ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು.

ಶುಕ್ರವಾರ ಬಿಸಿಲು ಇಳಿದ ಮೇಲೆ ಮೊದಲ ಸಲ ಅವರ ದನಿ ಕೇಳಿದೆ. ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಒಂದು ಹಾಡಿನ ಎರಡು ಸಾಲು ಹಾಡಿದರು. ಪ್ಲೇಟಿನಲ್ಲಿ ಇರುವುದು ಕುದುರೆ ಓಡುವ ದನಿ. ಇದು ಹಾಗಿರಲಿಲ್ಲ. ತೊಟ್ಟಿಲ ಹತ್ತಿರ ಹೇಳುವಷ್ಟು ಸಣ್ಣದು. ನಾನು ಆಂಪ್ಲಿಫೈಯರ್ ಏರಿಸಿದೆ. ಹಾರನ್ನು ಕೀ ಅನ್ನಲಿಲ್ಲ. ಮೈದಾನದ ಆ ತುದಿಯಲ್ಲಿ ಒಬ್ಬ ಮುದುಕ ಸೈಕಲ್ ನಿಲ್ಲಿಸಿ ತಿರುಗಿ ನೋಡಿದ. ಗಾಯಕರು ನನ್ನ ಕಡೆ ನೋಡಿ ತಲೆ ಆಡಿಸಿದರು. ಕೆಲಸ ಮುಗಿಯಿತು, ನಾಳೆ ನೆಟ್ಟಗೆ ನಡೆಯುತ್ತದೆ ಅಂದುಕೊಂಡೆ.

ಶನಿವಾರ ಮಧ್ಯಾಹ್ನ ಊಟ ಆಗಿತ್ತು. ನಾನು ಬೊಂಬಿನ ಹಗ್ಗ ಬಿಗಿ ಮಾಡುತ್ತಿದ್ದೆ. ಕಾಲ ಕೆಳಗೆ ನೆಲ ಒಂದು ಸಲ ಗುದ್ದಿತು. ಬೊಂಬು ಕೈಯಲ್ಲೇ ನಡುಗಿತು, ಸ್ಟೇಜಿನ ಮೇಲಿದ್ದ ಮೈಕಿನ ಕಂಬ ಬಿತ್ತು. ಗುಡುಗಿನ ಥರ ಮೇಲಿಂದ ಬಂದ ಸದ್ದಲ್ಲ, ಹೊಟ್ಟೆಯೊಳಗಿಂದ ಬಂದ ಹಾಗೆ. ಗಣಿಯ ಆಳದಲ್ಲಿ ಒತ್ತಡ ತಡೆಯದೆ ಬಂಡೆ ತಾನೇ ಸಿಡಿಯುತ್ತದೆ, ಅದಕ್ಕೆ ಇಲ್ಲಿ ಏರ್‌ಬ್ಲಾಸ್ಟ್ ಅನ್ನುತ್ತಾರೆ. ಸಣ್ಣವು ಆಗುತ್ತಲೇ ಇರುತ್ತವೆ, ಲೋಟ ಅಲ್ಲಾಡಿದರೆ ಯಾರೂ ತಲೆ ಎತ್ತುವುದಿಲ್ಲ. ಇದು ಸಣ್ಣದಲ್ಲ ಅಂತ ನನಗೂ ಗೊತ್ತಾಯಿತು.

ಲೈನಿನಲ್ಲಿ ಯಾರೂ ಕಿರುಚಲಿಲ್ಲ. ಹೆಂಗಸರು ಒಲೆಗೆ ನೀರು ಸುರಿದು, ಬಾಗಿಲು ಹಾಗೇ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಹೊರಟರು. ಎಲ್ಲಿಗೆ ಅಂತ ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಮನೆಯವರು ಗಣಿಯ ಯಾವ ಶಾಫ್ಟಿನ ಬಾವಿಯಲ್ಲಿ ಇಳಿದಿದ್ದಾರೋ ಅಲ್ಲಿಗೆ. ನೋಡನೋಡುತ್ತಾ ಮೈದಾನದ ಸುತ್ತಲ ಮನೆಗಳು ಖಾಲಿಯಾದವು.

ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿ ಓಡಿ ಬಂದರು. ಸಿಡಿದಿದ್ದು ಮೈದಾನದ ಆಚೆಯ ಶಾಫ್ಟಿನಲ್ಲಿ. ಬೆಳಗಿನ ಪಾಳಿಯವರು ಇನ್ನೂ ಕೆಳಗಿದ್ದಾರೆ. ಕೇಜು ಕೆಟ್ಟಿಲ್ಲ, ಜನರನ್ನು ಸ್ವಲ್ಪಸ್ವಲ್ಪವಾಗಿ ಮೇಲೆ ತರುತ್ತಿದ್ದಾರೆ. ಆದರೆ ಗೇಟಿನ ಹತ್ತಿರ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ, ಯಾರು ಬಂದರು ಯಾರು ಇಲ್ಲ ತಿಳಿಯುತ್ತಿಲ್ಲ, ಬೇಲಿ ಮುರಿದರೆ ಕೇಜಿನ ದಾರಿ ಮುಚ್ಚಿಹೋಗುತ್ತದೆ. ಮೇಲೆ ಬಂದವರ ಹೆಸರು ಕೂಗಲು ಸೆಟ್ಟು ಬೇಕು.

ಯಜಮಾನರು ಹೇಳಿದ್ದು ನೆನಪಿತ್ತು. ಅವರನ್ನು ಕೇಳಲು ಬಂಗಾರಪೇಟೆಗೆ ಹೋಗಿ ಬರಲು ಆಗುತ್ತದೆಯೇ. ಬೊಂಬಿನಿಂದ ಎರಡು ಹಾರನ್ನು ಬಿಚ್ಚಿದೆ. ಆಂಪ್ಲಿಫೈಯರು, ಬ್ಯಾಟರಿ, ಒಂದು ಮೈಕು ಲಾರಿಗೆ ಹಾಕಿ ನಾನು ಹತ್ತುವಷ್ಟರಲ್ಲಿ ಗಾಯಕರು ಆಗಲೇ ಮೇಲೆ ಕೂತಿದ್ದರು, ಮೈಕಿನ ಕಂಬ ತೊಡೆಯ ಮೇಲೆ ಇಟ್ಟುಕೊಂಡು.

ಲಾರಿಯನ್ನು ಬೇಲಿಯ ಒಳಗೆ, ಕೇಜಿಗೂ ಗೇಟಿಗೂ ಮಧ್ಯೆ ನಿಲ್ಲಿಸಿದೆವು. ಒಂದು ಹಾರನ್ನು ಟೈಮ್ ಆಫೀಸಿನ ತಗಡಿನ ಮೇಲೆ, ಇನ್ನೊಂದು ಲಾರಿಯ ಮೇಲೆ, ಎರಡೂ ಜನರ ಕಡೆಗೆ. ಅಲ್ಲಿ ನನಗೆ ಕರೆಂಟು ಕೊಡುವವರು ಯಾರೂ ಇರಲಿಲ್ಲ, ಬ್ಯಾಟರಿಗೇ ಹಾಕಿದೆ. ಆಂಪ್ಲಿಫೈಯರಿನ ವಾಲ್ವುಗಳು ಕೆಂಪಗೆ ಬಿಸಿಯಾಗುವ ತನಕ ಕಾದು ಮೈಕು ತಟ್ಟಿದೆ. ಗೇಟಿನ ಆಚೆ ಎಲ್ಲರೂ ತಲೆ ಎತ್ತಿದರು. ಅಷ್ಟು ಜನ ಒಟ್ಟಿಗೆ ನನ್ನ ಕಡೆ ನೋಡಿದ್ದು ಅದೇ ಮೊದಲು.

ಹೆಸರು ಕೂಗಲು ನಿಂತವರು ಹಾಜರಿ ನೋಡುವ ಗುಮಾಸ್ತರು. ಒಳ್ಳೆಯ ಮನುಷ್ಯ, ಆಗಲೇ ಕೂಗಿ ಕೂಗಿ ಸುಸ್ತಾಗಿದ್ದರು. ಕೇಜಿನಿಂದ ಇಳಿದವನ ಹಿತ್ತಾಳೆ ಬಿಲ್ಲೆ ನೋಡಿ, ಆ ನಂಬರಿಗೆ ಹಾಜರಿಯಲ್ಲಿರುವ ಹೆಸರು ಹೇಳುತ್ತಿದ್ದರು. ಮೈಕು ಅಭ್ಯಾಸ ಇಲ್ಲ. ಮಾರುದೂರ ಹಿಡಿದು ಕೂಗಿದರೆ ಹಾರನ್ನು ಕೀ ಅನ್ನುತ್ತಿತ್ತು, ಹತ್ತಿರ ತಂದರೆ ಬರೀ ಉಸಿರು. ಆದರೂ ಕೆಲವು ಹೆಸರು ಜನಕ್ಕೆ ಮುಟ್ಟಿದವು.

"ರಾಮಯ್ಯ" ಅಂದರು.

ಗೇಟಿನ ಮುಂದೆಯೇ ಒಬ್ಬ ಹೆಂಗಸು ನಿಂತಿದ್ದಳು. ಮೂಗುಬಟ್ಟು ಹಾಕಿದ್ದ, ಹೆಚ್ಚು ವಯಸ್ಸಿಲ್ಲದ ಹೆಂಗಸು, ಬಂಗಾರಪೇಟೆ ಕಡೆಯ ಹಳ್ಳಿಯವಳು ಅಂತ ಮಾತಿನಲ್ಲಿ ಗೊತ್ತಾಗುತ್ತಿತ್ತು. ಆ ಹೆಸರು ಕೇಳಿ ಅಲ್ಲೇ ಕುಸಿದು ಕೂತು ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಪಕ್ಕದವರು ಎಬ್ಬಿಸಿ ಮುಂದೆ ಬಿಟ್ಟರು. ಬೇಲಿಯ ಈಚೆ ಬಂದ ಗಂಡಸನ್ನು ನೋಡಿದಳು. ಅವನು ಅವಳ ಗಂಡ ಅಲ್ಲ.

"ಇವ್ನು ಪಾಪಣ್ಣ. ನಮ್ಮ ಪಕ್ಕದ್ಮನೆ ಪಾಪಣ್ಣ" ಅಂದಳು. "ನಮ್ಮೋನೆಲ್ಲಿ ಸಾಮಿ? ಈಗ ತಾನೆ ಕೂಗಿದ್ರಲ್ಲ."

ಪಾಪಣ್ಣ ತಲೆ ತಗ್ಗಿಸಿ ನಿಂತ. ಅವನು ಸತ್ತುಹೋದ ಅಣ್ಣನ ಹೆಸರಿನಲ್ಲಿ ಕೆಲಸಕ್ಕೆ ಸೇರಿದ್ದ. ಹಾಜರಿಯಲ್ಲಿ ರಾಮಯ್ಯ, ಮನೆಯಲ್ಲಿ ಪಾಪಣ್ಣ. ಆ ಹೆಂಗಸಿನ ಗಂಡ ಮನೆಯಲ್ಲಿ ರಾಮಯ್ಯ, ಹಾಜರಿಯಲ್ಲಿ ಏನೋ ಬೇರೆ. ಏನು ಅಂತ ಅವಳಿಗೇ ಗೊತ್ತಿರಲಿಲ್ಲ. ಒಬ್ಬ ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬ ಅದೇ ಹೆಸರಿನಲ್ಲಿ ಇಳಿಯುವುದು ಅಲ್ಲಿ ಎಷ್ಟೋ ಮನೆಯಲ್ಲಿ ಇತ್ತು. ಮೇಸ್ತ್ರಿಗಳಿಗೆ ಗೊತ್ತು, ಗುಮಾಸ್ತರಿಗೂ ಗೊತ್ತು. ದಿನಾ ನಡೆಯುವಾಗ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಗುಮಾಸ್ತರು ಹಾಜರಿ ಪುಸ್ತಕ ಮತ್ತೆ ತಿರುವಿದರು. ಗೇಟಿನ ಆಚೆ ಗಲಾಟೆ ಎದ್ದಿತು. ಆಗಲೇ ಹೆಸರು ಕೇಳಿ ಸಮಾಧಾನವಾಗಿದ್ದವರೆಲ್ಲ ತಿರುಗಿ ಬೇಲಿಗೆ ಬಿದ್ದರು. ಕೂಗಿದ ಹೆಸರು ತಮ್ಮವನದೋ ಬೇರೆಯವನದೋ ಯಾರಿಗೂ ನಂಬಿಕೆ ಉಳಿಯಲಿಲ್ಲ. ಒಂದು ಕಡೆ ಬೇಲಿಯ ಗೂಟ ವಾಲಿತು.

ಗಾಯಕರು ಲಾರಿಯಿಂದ ಇಳಿದರು. ಗುಮಾಸ್ತರ ಕೈಯಿಂದ ಮೆಲ್ಲಗೆ ಮೈಕು ತೆಗೆದುಕೊಂಡರು. ನನ್ನ ಕಡೆ ತಿರುಗಿ ಮಾತಾಡಿದರು. ನಾಲ್ಕು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಅದು.

"ನಮ್ಮಪ್ಪ ಸಾಯಾಗಂಟ ದೊಡ್ಡಪ್ಪನ ಎಸ್ರಲ್ಲೇ ಇಳ್ದ. ಮನೆ ಎಸ್ರು ಕೂಗ್ಬೇಕು ತಮ್ಮಾ. ಏರ್ಸು."

ಏರಿಸಿದೆ.

ಅವತ್ತು ಅವರು ಮಾಡಿದ್ದು ಹೀಗೆ. ಕೇಜಿನಿಂದ ಒಬ್ಬೊಬ್ಬ ಇಳಿಯುತ್ತಿದ್ದ ಹಾಗೆ ಗುಮಾಸ್ತರು ಬಿಲ್ಲೆ ನೋಡಿ ತಮ್ಮ ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲೆ ಅವನು ಗಾಯಕರ ಹತ್ತಿರ ಬರುತ್ತಿದ್ದ. ಮುಖ ಪೂರಾ ಧೂಳು, ಕಣ್ಣು ಮಾತ್ರ ಕಾಣುತ್ತಿದ್ದವು, ಎಷ್ಟೋ ಜನಕ್ಕೆ ಕಿವಿಯೂ ಕೇಳುತ್ತಿರಲಿಲ್ಲ. ಗಾಯಕರು ಅವನ ಕಿವಿಗೆ ಬಾಯಿ ಇಟ್ಟು ಕೇಳುತ್ತಿದ್ದರು. ಮನೇಲಿ ಏನಂತ ಕರೀತಾರೆ? ವೀಟ್ಟುಲೆ ಎನ್ನ ಪೇರು? ಇಂಟ್ಲೋ ಏಮಂಟಾರು? ಯಾವ ಲೈನು, ಹೆಂಡತಿ ಹೆಸರೇನು. ಕೇಳಿಕೊಂಡು, ಮೈಕಿಗೆ ತುಟಿ ಹಚ್ಚಿ, ಮೆಲ್ಲಗೆ ಹೇಳುತ್ತಿದ್ದರು. ಎರಡು ಸಲ. ನಂದಿದುರ್ಗ ಗಣಿಯ ಮೇಲಿನ ಲೈನು, ಚಿನ್ನಮ್ಮನ ಮನೆಯವರು, ಮನೆಯಲ್ಲಿ ಕುಳ್ಳ ಅಂತಾರೆ, ಬಂದಿದ್ದಾರೆ. ಸೆಲ್ವಿಯ ಅಣ್ಣ, ಇನ್ನೂ ಮದುವೆ ಇಲ್ಲ, ದೊರೈ ಅಂತಾರೆ, ಬಂದಿದ್ದಾನೆ.

ಮೆಲ್ಲಗೆ ಹೇಳಿದ್ದರಿಂದ ಜನ ಸುಮ್ಮನಾದರು. ಕಿರುಚಿದ್ದರೆ ಅವರೂ ಕಿರುಚುತ್ತಿದ್ದರು. ಒಂದೊಂದು ಹೆಸರಿಗೂ ಗುಂಪಿನ ಯಾವುದೋ ಮೂಲೆಯಲ್ಲಿ ಒಂದು ಅಳು ಎದ್ದು, ಆ ಮನೆಯವರಿಗೆ ದಾರಿ ಬಿಟ್ಟು, ಮತ್ತೆ ಸದ್ದಿಲ್ಲ. ವಾಲಿದ ಗೂಟವನ್ನು ಜನರೇ ಹಿಡಿದುಕೊಂಡು ನಿಂತರು.

ಮೊದಲು ತೊಂದರೆ ಇರಲಿಲ್ಲ. ಡಾಕ್ಟರಿಗೆ ಮಾತು ಕೊಟ್ಟ ಹಾಗೆಯೇ ಸಣ್ಣ ದನಿಯಲ್ಲಿ ನಡೆಯುತ್ತಿತ್ತು. ಇದೇ ಥರ ಮುಗಿದರೆ ಸಾಕು ಅಂದುಕೊಳ್ಳುತ್ತಿದ್ದೆ. ಆದರೆ ಕೇಜು ಬರುವುದು ನಿಧಾನವಾಯಿತು. ಕೆಳಗೆ ದಾರಿ ಬಿಡಿಸಿ ತರಬೇಕಿತ್ತು. ಗಾಳಿ ಎದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬ್ಯಾಟರಿ ಇಳಿಯತೊಡಗಿತು. ಹೆಸರಿಗೂ ಹೆಸರಿಗೂ ಮಧ್ಯೆ ಆರಿಸಿ ಉಳಿಸೋಣ ಅಂದರೆ ಆಗುವುದಿಲ್ಲ, ವಾಲ್ವುಗಳು ಮತ್ತೆ ಬಿಸಿಯಾಗಲು ಹೊತ್ತು ಬೇಕು. ಗುಂಡಿಯನ್ನು ಕೊನೆಯ ತನಕ ತಿರುಗಿಸಿದ್ದೆ, ಆದರೂ ದನಿ ಸೊರಗುತ್ತಿತ್ತು. ಹಿಂದಿದ್ದವರು ಕೇಳಲಿಲ್ಲ ಅಂತ ಕೈ ಎತ್ತಿದರು. ಗಾಯಕರು ದನಿ ಏರಿಸಿದರು. ನಾನು ನೋಡುತ್ತಿದ್ದೆ, ಅವರ ಕುತ್ತಿಗೆಯ ನರ ಉಬ್ಬುತ್ತಿತ್ತು.

ಮೂರು ನಾಲ್ಕು ಹೆಸರು ಆದ ಮೇಲೆ ದನಿ ಒಡೆಯಿತು. ಬಟ್ಟೆ ಹರಿದ ಹಾಗೆ. ಅವರು ಕೆಮ್ಮಿ, ಕರ್ಚೀಫು ಬಾಯಿಗೆ ಇಟ್ಟು, ಮಡಿಸಿ ಜೇಬಿಗೆ ಹಾಕಿದರು. ಕರ್ಚೀಫಿನಲ್ಲಿ ಕೆಂಪು ಇತ್ತು.

ನಾನು ಹೋಗಿ ಮೈಕು ಹಿಡಿದುಕೊಂಡೆ. "ಸಾಕಣ್ಣಾ. ಬೇರೆಯೋರು ಕೂಗ್ಲಿ. ಓಗ್ಬಿಡ್ತದೆ" ಅಂದೆ.

ಕಾರ್ಯದರ್ಶಿಯೂ ಕೇಳಿಸಿಕೊಂಡರು. ಅವರೇ ಮೈಕು ತೆಗೆದುಕೊಂಡು ಮುಂದಿನ ಹೆಸರು ಕೂಗಿದರು. ಭಾಷಣ ಮಾಡಿ ಅಭ್ಯಾಸದ ದೊಡ್ಡ ದನಿ. ಆದರೆ ದನಿ ಬದಲಾದ ಕೂಡಲೇ ಗುಂಪಿಗೆ ಗಾಬರಿಯಾಯಿತು. ಏನಾಯಿತು, ಕರೆಯುತ್ತಿದ್ದವರು ಎಲ್ಲಿ, ಮುಗಿಯಿತೇ, ಉಳಿದವರು ಇಲ್ಲವೇ ಅಂತ ಮುಂದಕ್ಕೆ ನೂಕಿದರು. ಕಾರ್ಯದರ್ಶಿ ಮುಗಿದಿಲ್ಲ, ಮುಗಿದಿಲ್ಲ ಅಂತ ಕೂಗಿದಷ್ಟೂ ಗಲಾಟೆ ಹೆಚ್ಚಾಯಿತು.

ಗಾಯಕರು ಕೈ ಚಾಚಿದರು. ನಾನು ಅಡ್ಡ ನಿಂತೆ.

"ಮುಂದಿನ್ವಾರ ಎಂಗಣ್ಣಾ ಆಡ್ತೀಯ?"

"ಇವಾಗ ನಾ ನಿಂತ್ರೆ ಎಸ್ರು ಮುಗ್ದೋಯ್ತು ಅನ್ಕಂತಾರೆ" ಅಂದರು. ಆ ಮಾತು ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಿತು. "ನೀ ಬ್ಯಾಟ್ರಿ ನೋಡು, ಓಗು."

ಲಾರಿಯ ಬ್ಯಾಟರಿಯೇ ಉಳಿದಿದ್ದು. ಅದನ್ನು ಬಿಚ್ಚಿ ಹಾಕಲು ಸೆಟ್ಟು ಸ್ವಲ್ಪ ಹೊತ್ತು ಆರಬೇಕು. ಆರುವ ಮೊದಲು ಅವರು ಮೈಕಿನಲ್ಲಿ ಹೇಳಿದರು, ಬ್ಯಾಟರಿ ಬದಲಾಯಿಸುತ್ತೇವೆ, ಹೆಸರು ಮುಗಿದಿಲ್ಲ, ನಾನು ಎಲ್ಲೂ ಹೋಗುವುದಿಲ್ಲ ಅಂತ, ಮೂರೂ ಭಾಷೆಯಲ್ಲಿ. ಆಮೇಲೆ ಎಲ್ಲರಿಗೂ ಕಾಣುವ ಹಾಗೆ ಲಾರಿಯ ಮೇಲೆ ಹತ್ತಿ ನಿಂತರು. ನಾನು ಸ್ಪ್ಯಾನರ್ ಹಿಡಿದು ಬ್ಯಾಟರಿ ಬಿಚ್ಚಿದೆ. ಆಸಿಡ್ ಚೆಲ್ಲಿ ಕೈ ಸುಟ್ಟಿದ್ದು ಗೊತ್ತೇ ಆಗಲಿಲ್ಲ. ವಾಲ್ವು ಕೆಂಪಾಗುವ ತನಕ ಆ ಜನ ಎಲ್ಲ ಲಾರಿಯ ಮೇಲೆ ನಿಂತಿದ್ದ ಒಬ್ಬ ಮನುಷ್ಯನನ್ನು ನೋಡುತ್ತಾ ಕಾದರು. ಮೈದಾನದಲ್ಲಿ ಕಾಯಬೇಕಿದ್ದ ಜನ ಇವರೇ.

ಹೊಸ ಬ್ಯಾಟರಿಯಲ್ಲಿ ಸೆಟ್ಟು ಚೆನ್ನಾಗಿ ಬಂತು. ಅವರ ಗಂಟಲು ಬರಲಿಲ್ಲ. ಅಲ್ಲಿಂದ ಮುಂದೆ ಹಾರನ್ನಿನಿಂದ ಬಂದಿದ್ದನ್ನು ದನಿ ಅನ್ನಲು ಆಗುವುದಿಲ್ಲ. ಮರಳಿನ ಮೇಲೆ ಸಲಿಕೆ ಎಳೆದ ಹಾಗಿತ್ತು. ಆದರೂ ಹೆಸರು ತಿಳಿಯುತ್ತಿತ್ತು, ಒಂದಕ್ಷರ ಬಿಡದೆ. ಒಂದೊಂದು ಹೆಸರಿಗೂ ಮುಂಚೆ ಉಸಿರು ಎಳೆದುಕೊಳ್ಳುತ್ತಿದ್ದರು, ಅದೂ ಹಾರನ್ನಿನಲ್ಲಿ ಕೇಳುತ್ತಿತ್ತು.

ಹೊತ್ತು ಮುಳುಗುತ್ತಿದ್ದಾಗ ಕೊನೆಯ ಕೇಜು ಬಂತು. ಅದರಲ್ಲಿ ನಡೆದು ಇಳಿದವನು ಒಬ್ಬನೇ. ಅವನ ಹೆಸರು ಹೇಳಿದರು. ಕೇಜಿನೊಳಗೆ ಇನ್ನೂ ಕೆಲವರು ಕಂಬಳಿ ಹೊದ್ದು ಮಲಗಿದ್ದರು, ಮುಖದ ಮೇಲೂ ಕಂಬಳಿ. ಗುಮಾಸ್ತರು ಹೋಗಿ ನೋಡಿ ಬಂದು ಗಾಯಕರ ಕಿವಿಯಲ್ಲಿ ಏನೋ ಹೇಳಿದರು. ಪಾಪಣ್ಣನೂ ಕೇಜಿನ ಹತ್ತಿರ ಹೋಗಿದ್ದ. ಅವನು ತಿರುಗಿ ಬಂದು, ಗುರುತು ಹಿಡಿದವರ ಮನೆ ಹೆಸರನ್ನು ಗಾಯಕರಿಗೆ ಹೇಳಿ, ಬೇಲಿಯ ಕಡೆ ನೋಡದೆ ನೆಲಕ್ಕೆ ಕೂತ.

ಗೇಟಿನ ಮುಂದೆ ಅಷ್ಟು ಹೊತ್ತಿಗೆ ಉಳಿದವರು ಕೆಲವೇ ಜನ. ರಾಮಯ್ಯನ ಹೆಂಡತಿ ಮತ್ತೆ ಅಲ್ಲೇ ಕೂತವಳು ಕದಲಿರಲಿಲ್ಲ. ಹಾರನ್ನನ್ನೇ ನೋಡುತ್ತಿದ್ದಳು.

ಗಾಯಕರು ಮೈಕನ್ನು ನನ್ನ ಕೈಗೆ ಕೊಟ್ಟು, ಆರಿಸು ಅಂತ ಸನ್ನೆ ಮಾಡಿದರು. ಆರಿಸಿದೆ. ಅವರು ಗೇಟು ದಾಟಿ ಒಬ್ಬೊಬ್ಬರ ಹತ್ತಿರವೂ ಹೋದರು. ಕೊನೆಗೆ ಅವಳ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅವಳು ಅಳಲಿಲ್ಲ. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಅವರ ಮುಖ ನೋಡುತ್ತಿದ್ದಳು, ಆಮೇಲೆ ತಲೆ ಆಡಿಸಿದಳು. ನಾನು ತಂತಿ ಸುತ್ತತೊಡಗಿದೆ. ಬೇರೆ ಏನು ಮಾಡಲಿ.

ಕಾರ್ಯಕ್ರಮ ಆಗಲಿಲ್ಲ. ಮಾರನೆಯ ದಿನ ಅವರನ್ನು ಬಂಗಾರಪೇಟೆಯಲ್ಲಿ ಮದ್ರಾಸು ಗಾಡಿಗೆ ಹತ್ತಿಸಿದೆ. ಸ್ಲೇಟು ಮತ್ತೆ ಅವರ ಕೈಗೆ ಬಂದಿತ್ತು. ಯಜಮಾನರು ಸೆಟ್ಟು ಕದಲಿಸಿದ್ದಕ್ಕೆ ಬೈಯಲಿಲ್ಲ, ಲಾರಿಯ ಬ್ಯಾಟರಿ ಬಿಚ್ಚಿದ್ದಕ್ಕೆ ಬೈದರು. ಆ ಸಿನಿಮಾ ಮುಂದೆ ಬಂದಾಗ ಹಾಡುಗಳು ಬೇರೆಯವರವು. ನಮ್ಮ ಅಂಗಡಿಗೂ ಆ ಪ್ಲೇಟು ಬಂತು. ಇವರ ಹೊಸ ಪ್ಲೇಟು ಆಮೇಲೆ ಬರಲೇ ಇಲ್ಲ. ಮದುವೆಗಳಲ್ಲಿ ಹಳೆಯವನ್ನೇ ಹಾಕುತ್ತಿದ್ದೆವು. ಹುಡುಗರು ನಿಧಾನವಾಗಿ ಬೇರೆ ಹಾಡು ಕೇಳತೊಡಗಿದರು.

ಎರಡು ಮೂರು ವರ್ಷ ಬಿಟ್ಟು ಅವರನ್ನು ಸ್ಟೇಷನ್ನಿನಲ್ಲೇ ನೋಡಿದೆ. ಅತ್ತೆಯ ತಿಥಿಗೆ ಬಂದು ವಾಪಸ್ ಹೊರಟಿದ್ದರು. ತಲೆ ಅರ್ಧ ಬೆಳ್ಳಗಾಗಿತ್ತು. ಪ್ಲಾಟ್‌ಫಾರಂ ತುಂಬ ಜನ ಇದ್ದರು, ಯಾರೂ ಗುರುತು ಹಿಡಿಯಲಿಲ್ಲ. ನಾನು ಟೀ ತಂದುಕೊಟ್ಟೆ. ಮಾತಾಡಿದರೆ ಗರಗಸದ ಸದ್ದು, ಬಗ್ಗಿ ಕೇಳಬೇಕು. ಈಗ ಹಾಡಿಗೆ ರಾಗ ಹಾಕಿ ಹೊಸಬರಿಗೆ ಹೇಳಿಕೊಡುತ್ತಾರಂತೆ.

ಬೇಜಾರಿಲ್ಲವೇ ಅಂತ ಕೇಳಿಬಿಟ್ಟೆ. ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ.

"ಐತೆ. ಇಲ್ದೆ ಇರ್ತದಾ" ಅಂದರು. "ಗಿಟಾರ್ ಮೇಲೆ ನುಡ್ಸಿ ತೋರಿಸ್ತೀನಿ. ಉಡುಗ್ರು ಆಡ್ತಾರೆ, ಚೆನ್ನಾಗೇ ಆಡ್ತಾರೆ. ಎಲ್ಲೋ ಒಂದ್ ಕಡೆ ತಪ್ತದೆ. ಇಂಗಲ್ಲ ಇಂಗೆ ಅಂತ ಆಡಿ ತೋರ್ಸಾಕೆ ಬಾಯಿ ತೆಗೀತೀನಿ. ಅವಾಗ ನೆನಪಾಗ್ತದೆ."

ಗಾಡಿ ಬರುವ ಗಂಟೆ ಹೊಡೆದರು. ಅವರ ಪೆಟ್ಟಿಗೆ ಎತ್ತಿಕೊಂಡೆ. ಇನ್ನೊಂದು ಮಾತು ಅಷ್ಟು ದಿನದಿಂದ ನನ್ನ ಹೊಟ್ಟೆಯಲ್ಲಿ ಇತ್ತು. ಅವತ್ತು ಗೇಟಿನ ಹತ್ತಿರ ರಾಮಯ್ಯನ ಹೆಂಡತಿಗೆ ಏನು ಹೇಳಿದೆ ಅಣ್ಣಾ ಅಂತ ಕೇಳಿದೆ.

ಅವರು ಹಳಿಗಳ ಕಡೆ ತಿರುಗಿದರು.

"ಏನ್ ಏಳಾಕಾಗ್ತದೆ. ಅವ್ನ ಎಸ್ರು ಏಳ್ದೆ. ಮನೇಲಿ ಕರಿಯಾದು. ಮೈಕಿಲ್ದೆ ಏಳಿದ್ದಕ್ಕೇ ಅವಳ್ಗೆ ಗೊತ್ತಾಯ್ತು."